ಕೊನೆಯ ಪಂಕ್ತಿಯ ಫೋಟೊಗ್ರಾಫರ್

ಮುಹೂರ್ತ ಹತ್ತಿರವಾಗಿದೆ. ಅಂತರಪಟದ ಈಚೆ ಹುಡುಗ, ಆಚೆ ಹುಡುಗಿ. ಇಬ್ಬರ ಕೈಯಲ್ಲೂ ಜೀರಿಗೆ–ಬೆಲ್ಲ. ಪುರೋಹಿತರು ಗಡಿಯಾರ ನೋಡಿ ವಾಲಗದವರತ್ತ ಕೈ ಎತ್ತುತ್ತಾರೆ. ಗಟ್ಟಿಮೇಳ ಶುರುವಾದದ್ದೇ ತಡ, ಅಷ್ಟು ಹೊತ್ತೂ ಕುರ್ಚಿಗಳಲ್ಲಿ ಹರಟುತ್ತಿದ್ದ ನೆಂಟರೆಲ್ಲ ಎದ್ದು ಮಂಟಪಕ್ಕೆ ಮುತ್ತುತ್ತಾರೆ. ಬಲಗೈಯಲ್ಲಿ ಅಕ್ಷತೆ, ಎಡಗೈಯಲ್ಲಿ ಮೊಬೈಲು. ಈ ನೂಕುನುಗ್ಗಲಿನ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೊಬ್ಬ, ಮಂಟಪದ ಕಂಬಕ್ಕೆ ಒರಗಿ ಇನ್ನೊಬ್ಬ, ಹೋಮಕುಂಡದ ಪಕ್ಕ ಮೊಣಕಾಲೂರಿ ಮತ್ತೊಬ್ಬ. ಮೂರು ಗಂಟು ಬೀಳಲು ಅರ್ಧ ನಿಮಿಷ ಸಾಕು. ತಾಳಿ ಹಿಡಿದ ಹುಡುಗನಿಗೆ ‘ಒಂದ್ಸಲ ಇಲ್ಲಿ ನೋಡಿ ಸಾರ್’ ಎನ್ನುವ ಧೈರ್ಯವಂತರೂ ಇದ್ದಾರೆ, ಪುರೋಹಿತರ ಕೆಂಗಣ್ಣಿಗೆ ಗುರಿಯಾಗುವವರೂ ಅವರೇ. ಆದರೆ ಕಟ್ಟಿದ ತಾಳಿಯನ್ನು ಬಿಚ್ಚಿ ಮತ್ತೆ ಕಟ್ಟಿಸಲು ಯಾರಿಂದಲೂ ಆಗದು.

ಸಂಜೆ ಛತ್ರ ಖಾಲಿಯಾಗುವ ಹೊತ್ತಿಗೆ ಹೆಣ್ಣಿನ ತಂದೆ ಚೀಲದಿಂದ ಲಕೋಟೆಗಳನ್ನು ತೆಗೆಯುತ್ತಾರೆ. ಪುರೋಹಿತರಿಗೆ ದಕ್ಷಿಣೆ, ವಾಲಗದವರಿಗೆ ಸಂಭಾವನೆ, ಅಡುಗೆಯವರ ಬಾಕಿ, ಹೂವಿನ ಅಲಂಕಾರದವರ ಬಾಕಿ. ಛತ್ರದವರಂತೂ ಲೆಕ್ಕ ಮುಗಿಯದೆ ಪಾತ್ರೆ ಪಡಗವನ್ನೂ ಹೊರಗೆ ಬಿಡುವುದಿಲ್ಲ. ಬಾಕಿ ಉಳಿಯುವುದು ಒಬ್ಬರದು. ಉಳಿದವರೆಲ್ಲರ ಕೆಲಸ ಮದುವೆಯೊಂದಿಗೆ ಮುಗಿಯುತ್ತದೆ, ಫೋಟೊಗ್ರಾಫರ್‌ನದು ಮುಗಿಯುವುದಿಲ್ಲ. ಈ ವೃತ್ತಿಯ ಕಷ್ಟನಷ್ಟಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಪಂಚಾಂಗ ಬರೆದ ಕೆಲಸದ ದಿನಗಳು

ಫೋಟೊಗ್ರಾಫರ್‌ನ ಮೇಜಿನ ಮೇಲೆ ಕ್ಯಾಮೆರಾಕ್ಕಿಂತ ಮೊದಲು ಕಾಣುವುದು ಕ್ಯಾಲೆಂಡರು. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಒಳ್ಳೆಯ ಮುಹೂರ್ತಗಳಿಗೆ ಗುರುತು ಬೀಳುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಕರಾವಳಿಯಲ್ಲಾದರೆ ಆಟಿ ತಿಂಗಳಲ್ಲಿ ಇಲ್ಲ. ಗುರು, ಶುಕ್ರರು ಅಸ್ತರಾದರೆ ಇನ್ನಷ್ಟು ವಾರಗಳು ಕಡಿಮೆ.

2024 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಏಪ್ರಿಲ್ ಕೊನೆಯಿಂದ ಜೂನ್ ಕೊನೆಯವರೆಗೂ ಶುಕ್ರ ಅಸ್ತನಾಗಿದ್ದ, ನಡುವೆ ಗುರುವೂ ಅಸ್ತನಾದ. ಬೇಸಿಗೆ ರಜೆಯ ಮೇ ತಿಂಗಳು ಮದುವೆಗಳ ಸುಗ್ಗಿ. ಅದೇ ತಿಂಗಳಲ್ಲಿ ಪಂಚಾಂಗದ ವಿವಾಹ ಮುಹೂರ್ತದ ಸಾಲು ಬಹುತೇಕ ಖಾಲಿ. 2026ರದು ಇನ್ನೊಂದು ಬಗೆ: ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇಂಥ ವರ್ಷಗಳಲ್ಲಿ ನಷ್ಟ ಫೋಟೊಗ್ರಾಫರ್‌ಗೆ ಮಾತ್ರವಲ್ಲ, ಶಾಮಿಯಾನದವರಿಗೂ ಅಡುಗೆಯವರಿಗೂ ಇದೆ. ಆದರೆ ಅಡುಗೆಯವರ ಕಡಾಯಿ ಮುಂದಿನ ವರ್ಷಕ್ಕೂ ಕಡಾಯಿಯೇ. ಕ್ಯಾಮೆರಾ ಹಾಗಲ್ಲ, ವರ್ಷ ಕಳೆದಂತೆ ಅದರ ಬೆಲೆ ಇಳಿಯುತ್ತದೆ. ಅದಕ್ಕೆಂದು ಮಾಡಿದ ಸಾಲದ ಕಂತಿಗಂತೂ ಆಷಾಢವಿಲ್ಲ.

ಹಾಗಾಗಿ ಸಿಕ್ಕ ದಿನಗಳಲ್ಲೇ ದುಡಿಯಬೇಕು. ಒಳ್ಳೆಯ ಮುಹೂರ್ತದ ಭಾನುವಾರ ಒಂದೇ ಸ್ಟುಡಿಯೊಗೆ ಮೂರು ಆರ್ಡರ್ ಬಂದಿರುತ್ತವೆ. ಮಾಲೀಕ ಒಂದಕ್ಕೆ ಹೋಗುತ್ತಾನೆ, ಉಳಿದೆರಡಕ್ಕೆ ದಿನಗೂಲಿಯ ಲೆಕ್ಕದಲ್ಲಿ ಬೇರೆ ಫೋಟೊಗ್ರಾಫರ್‌ಗಳನ್ನು ಕರೆಸುತ್ತಾನೆ. ಅವರಲ್ಲಿ ಎಷ್ಟೋ ಮಂದಿ ಪಕ್ಕದ ತಾಲ್ಲೂಕಿನಲ್ಲಿ ತಾವೇ ಸ್ಟುಡಿಯೊ ಇಟ್ಟವರು. ಇವತ್ತು ಇವನ ಕೆಲಸಕ್ಕೆ ಅವನು, ನಾಳೆ ಅವನ ಕೆಲಸಕ್ಕೆ ಇವನು. ಸ್ಪರ್ಧಿಗಳೇ ಸಹೋದ್ಯೋಗಿಗಳಾಗುವ ಈ ಮುಯ್ಯಿ ಪದ್ಧತಿ ಇಲ್ಲದಿದ್ದರೆ ಮುಹೂರ್ತದ ದಿನಗಳನ್ನು ನಿಭಾಯಿಸಲು ಸಾಧ್ಯವೇ ಇಲ್ಲ. ಉಳಿದ ತಿಂಗಳುಗಳಲ್ಲಿ ನಾಮಕರಣ, ಸೀಮಂತ, ಗೃಹಪ್ರವೇಶ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಅಳತೆಯ ಫೋಟೊ, ಸತ್ತವರ ಹಳೆಯ ಚಿತ್ರವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸುವುದು.

‘ಬರೀ ಫ್ಲ್ಯಾಶ್’ ಕಾಲ

ಇಂದಿನ ಲೆಕ್ಕಾಚಾರ ತಿಳಿಯಬೇಕಾದರೆ ಫಿಲ್ಮ್ ರೋಲಿನ ದಿನಗಳಿಗೆ ಹೋಗಬೇಕು. ಒಂದು ರೋಲಿಗೆ 36 ಚಿತ್ರ. ನಾಲ್ಕೈದು ರೋಲಿನಲ್ಲಿ ಇಡೀ ಮದುವೆ ಮುಗಿಯಬೇಕು. ಕಪ್ಪು–ಬಿಳುಪಿನ ಕಾಲದಲ್ಲಿ ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಸಣ್ಣ ಊರುಗಳಿಗೂ ತಲುಪುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಅದು. ಬಣ್ಣ ಬಂದ ಮೇಲೆ ರೋಲುಗಳು ಬಸ್ಸು ಹತ್ತಿ ನಗರದ ಕಲರ್ ಲ್ಯಾಬಿಗೆ ಹೋಗಿಬರತೊಡಗಿದವು.

ಪ್ರತಿ ಕ್ಲಿಕ್ಕಿಗೂ ಖರ್ಚಿತ್ತು. ಆದರೆ ಮದುವೆಮನೆಯಲ್ಲಿ ‘ನಮ್ದೊಂದು ತೆಗೀರಿ’ ಎನ್ನುವ ನೆಂಟರಿಗೆ ಬರವಿರಲಿಲ್ಲ, ಇಲ್ಲವೆಂದರೆ ಅವರಿಗೆ ಮುನಿಸು. ಅದಕ್ಕೆ ಫೋಟೊಗ್ರಾಫರ್‌ಗಳು ಕಂಡುಕೊಂಡ ಉಪಾಯವೇ ಬರೀ ಫ್ಲ್ಯಾಶ್. ನಿಲ್ಲಿಸಿ, ಗಲ್ಲ ಸ್ವಲ್ಪ ಎತ್ತಿಸಿ, ‘ರೆಡಿ’ ಎಂದು ಫ್ಲ್ಯಾಶ್ ಮಾತ್ರ ಹೊಡೆಯುವುದು. ಫಿಲ್ಮು ಮುಂದೆ ಹೋಗುತ್ತಲೇ ಇರಲಿಲ್ಲ. ಎಷ್ಟೋ ದೊಡ್ಡಪ್ಪಂದಿರು ಆಲ್ಬಂನಲ್ಲಿ ತಮ್ಮ ಚಿತ್ರವನ್ನು ಇಂದಿಗೂ ಹುಡುಕುತ್ತಿರಬಹುದು.

ಆ ಕಾಲದ ಒಂದು ಲಾಭ ಮಾತ್ರ ಇಂದಿನವರಿಗೆ ಇಲ್ಲ. ನೆಗೆಟಿವ್ ಸಾಮಾನ್ಯವಾಗಿ ಸ್ಟುಡಿಯೊದಲ್ಲೇ ಇರುತ್ತಿತ್ತು. ಹುಡುಗಿಯ ಅತ್ತೆಗೊಂದು ಪ್ರತಿ, ಬೊಂಬಾಯಿಯ ಚಿಕ್ಕಮ್ಮನಿಗೊಂದು ಪ್ರತಿ, ಗೋಡೆಗೆ ಹಾಕಲು ದೊಡ್ಡದೊಂದು ಎಂದು ಮದುವೆ ಮುಗಿದು ವರ್ಷವಾದರೂ ಜನ ಬರುತ್ತಿದ್ದರು. ಪ್ರತಿ ಸಲವೂ ಒಂದಿಷ್ಟು ಕಾಸು. ಇಂದು ಪೆನ್‌ಡ್ರೈವ್ ಕೊಟ್ಟ ಗಳಿಗೆಯಲ್ಲಿ ಆ ಆದಾಯಕ್ಕೆ ಬಾಗಿಲು ಬೀಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದ ನೂರು ಜನಕ್ಕೆ ಹೋಗುವ ಚಿತ್ರಕ್ಕೆ ಯಾರೂ ಪ್ರತಿಯ ದುಡ್ಡು ಕೊಡುವುದಿಲ್ಲ.

ವಿಡಿಯೊ ಬಂದದ್ದು ಇನ್ನೊಂದು ಅಧ್ಯಾಯ. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್, ಮದುಮಗಳ ಮುಖದಲ್ಲಿ ಬೆವರಿಳಿಸುವ ಹ್ಯಾಲೊಜನ್ ದೀಪ, ಅದನ್ನು ಹಿಡಿದು ವೈರು ಎಳೆಯುತ್ತ ಓಡುವ ಲೈಟ್ ಬಾಯ್. ಆಮೇಲೆ ಮಿಕ್ಸಿಂಗ್. ಅಲ್ಲಿ ಗುಲಾಬಿ ಹೂವು ಬಿರಿದು ಮದುಮಕ್ಕಳ ಮುಖ ಹೊರಬರುತ್ತಿತ್ತು, ಹಿಂದೆ ಸಿನಿಮಾ ಹಾಡು. ಈಗ ನೋಡಿ ನಗುತ್ತೇವೆ. ನಿಧಾನಗತಿಯಲ್ಲಿ ಸೆರಗು ಹಾರಿಸುವ ಇಂದಿನ ರೀಲ್ಸ್‌ಗೂ ಇಪ್ಪತ್ತು ವರ್ಷದ ನಂತರ ಅದೇ ನಗು ಕಾದಿರುತ್ತದೆ ಎಂಬುದು ನನ್ನ ಗುಮಾನಿ.

ಒಂದು ಮದುವೆ, ಐದು ಕ್ಯಾಮೆರಾ

2008ರಲ್ಲಿ ಬಂದ ಕೆನಾನ್ 5ಡಿ ಮಾರ್ಕ್ 2 ಎಂಬ ಕ್ಯಾಮೆರಾ ಈ ಉದ್ಯೋಗದ ದಿಕ್ಕು ಬದಲಿಸಿತು. ಸ್ಥಿರಚಿತ್ರದ ಕ್ಯಾಮೆರಾದಲ್ಲೇ ಸಿನಿಮಾದಂತೆ ಕಾಣುವ ವಿಡಿಯೊ ತೆಗೆಯಬಹುದು ಎಂದಾಯಿತು. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಆ ನೋಟಕ್ಕೆ ಜನ ಮರುಳಾದರು. ಅಲ್ಲಿಂದ ಮುಂದೆ ‘ಫೋಟೊದವನು, ವಿಡಿಯೊದವನು’ ಎಂಬ ಇಬ್ಬರ ಲೆಕ್ಕ ಹೋಗಿ ತಂಡದ ಲೆಕ್ಕ ಬಂತು.

ಇಂದು ಆರ್ಡರ್ ಹಿಡಿಯುವಾಗ ಕೇಳಿಬರುವ ಮಾತುಗಳು ಹೀಗಿರುತ್ತವೆ: ಟ್ರೆಡಿಷನಲ್ ಫೋಟೊ, ಟ್ರೆಡಿಷನಲ್ ವಿಡಿಯೊ, ಕ್ಯಾಂಡಿಡ್, ಸಿನಿಮ್ಯಾಟಿಕ್, ಡ್ರೋನ್. ಟ್ರೆಡಿಷನಲ್‌ನವನು ವೇದಿಕೆಯ ಎದುರು ನಿಂತು, ಆರತಕ್ಷತೆಯಲ್ಲಿ ಕವರು ಹಿಡಿದು ಬರುವ ಪ್ರತಿಯೊಬ್ಬರನ್ನೂ ಸೆರೆಹಿಡಿಯುತ್ತಾನೆ. ಕ್ಯಾಂಡಿಡ್‌ನವನು ಯಾರನ್ನೂ ನಿಲ್ಲಿಸುವುದಿಲ್ಲ. ಕನ್ಯಾದಾನದ ಹೊತ್ತಿನಲ್ಲಿ ಕಣ್ಣೊರೆಸಿಕೊಳ್ಳುವ ತಂದೆಯನ್ನು ಮೂಲೆಯಿಂದ ಹಿಡಿಯುತ್ತಾನೆ. ಸಂಬಳ, ಹೆಸರು, ಇನ್‌ಸ್ಟಾಗ್ರಾಂ ಹಿಂಬಾಲಕರು ಎಲ್ಲವೂ ಕ್ಯಾಂಡಿಡ್‌ನವನಿಗೆ. ಆದರೆ ಮದುವೆಯ ಮಾರನೆಯ ವಾರ ಮನೆಯ ಹಿರಿಯರು ಕೇಳುವುದು ‘ಮಂಡ್ಯದ ಬೀಗರು ಬಂದದ್ದು ಬಿದ್ದಿದೆಯಾ?’ ಎಂದು. ಆ ಪ್ರಶ್ನೆಗೆ ಉತ್ತರ ಇರುವುದು ಟ್ರೆಡಿಷನಲ್‌ನವನ ಬಳಿ ಮಾತ್ರ. ಅವನ ಕೆಲಸವನ್ನು ನಾವು ಅಗ್ಗವೆಂದು ಬಗೆದಿದ್ದೇವೆ.

ಯಂತ್ರದ ಆಯಸ್ಸಿಗೂ ಲೆಕ್ಕವಿದೆ. ಈ ವೃತ್ತಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹಲವು ಕ್ಯಾಮೆರಾಗಳ ಶಟರ್ ಸುಮಾರು 1,50,000 ಕ್ಲಿಕ್ ತಾಳುತ್ತದೆಂದು ತಯಾರಕರು ಹೇಳುತ್ತಿದ್ದರು. ಒಂದು ಮದುವೆಗೆ 4,000 ಕ್ಲಿಕ್ ಎಂದಿಟ್ಟುಕೊಂಡರೆ ನಲವತ್ತು ಮದುವೆ ತುಂಬುವ ಮೊದಲೇ ಆ ಮಿತಿ ಮುಟ್ಟುತ್ತದೆ. ಅದಾದ ಮೇಲೂ ಕ್ಯಾಮೆರಾ ಓಡಬಹುದು. ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ನಿಂತರೆ ಮಾತ್ರ ಮುಗಿಯಿತು. ಆದ್ದರಿಂದ ಎರಡನೆಯ ಕ್ಯಾಮೆರಾ ಜೊತೆಗಿರಬೇಕು, ಎರಡು ಕಾರ್ಡಿನಲ್ಲಿ ಏಕಕಾಲಕ್ಕೆ ದಾಖಲಾಗುವ ವ್ಯವಸ್ಥೆಯೂ ಇರಬೇಕು. ‘ಒಂದು ದಿನಕ್ಕೆ ಅಷ್ಟೊಂದಾ?’ ಎಂದು ಕೇಳುವವರಿಗೆ ಈ ಎರಡನೆಯ ಕ್ಯಾಮೆರಾ ಕಾಣಿಸುವುದಿಲ್ಲ.

ಶಾಸ್ತ್ರ ಬಲ್ಲವನೇ ಬೇಕು

ಕ್ಯಾಮೆರಾ ಯಾರು ಬೇಕಾದರೂ ಕೊಳ್ಳಬಹುದು. ಮುಂದೇನು ನಡೆಯುತ್ತದೆ ಎಂಬುದು ಗೊತ್ತಿರುವುದೇ ಈ ಕೆಲಸದ ನಿಜವಾದ ಬಂಡವಾಳ. ಕಾಶಿಯಾತ್ರೆಗೆ ಹೊರಟ ವರ ಕೊಡೆ ಹಿಡಿದು ಯಾವ ಬಾಗಿಲಿನಿಂದ ಹೋಗುತ್ತಾನೆ, ಸೋದರಮಾವ ಹುಡುಗಿಯನ್ನು ಯಾವಾಗ ಮಂಟಪಕ್ಕೆ ಕರೆತರುತ್ತಾನೆ, ಅಂತರಪಟ ಸರಿದಾಗ ಯಾವ ಕಡೆ ನಿಂತರೆ ಇಬ್ಬರ ಮುಖವೂ ಸಿಗುತ್ತದೆ, ಇವೆಲ್ಲ ಅವನಿಗೆ ತಿಳಿದಿರಬೇಕು.

ಅದೂ ಊರೂರಿಗೆ, ಮನೆಮನೆಗೆ ಬೇರೆ. ಕೊಡಗಿನ ಮದುವೆಗೆ ಪುರೋಹಿತರೇ ಇಲ್ಲ. ಹಿರಿಯರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಹರಸುತ್ತಾರೆ. ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವಾಗ ಒಂದೇ ಏಟಿಗೆ ದಿಂಡು ಉರುಳಿದರೆ ಚಿತ್ರವೂ ಒಂದೇ ಏಟಿಗೆ ಬರಬೇಕು. ಗಂಗಾಪೂಜೆಯಲ್ಲಿ ನೀರು ಹೊತ್ತ ಮದುಮಗಳನ್ನು ಕುಣಿಯುವವರು ತಡೆದು ನಿಲ್ಲಿಸುವುದರಿಂದ ಅಂಗಳದಿಂದ ಮನೆಯೊಳಗೆ ಬರಲು ಅವಳಿಗೆ ಗಂಟೆಗಳೇ ಹಿಡಿಯಬಹುದು. ಹೊಸಬ ಮೊದಲ ಹತ್ತು ನಿಮಿಷದಲ್ಲೇ ಬ್ಯಾಟರಿ ಮುಗಿಸಿಕೊಂಡು ಕೂರುತ್ತಾನೆ. ಮಂಗಳೂರಿನ ಕ್ಯಾಥೋಲಿಕ್ ಮನೆಗಳ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಎರಚುವ ನೆಂಟರಿಗೆ ಲೆನ್ಸು ಯಾವುದು, ಮದುಮಗ ಯಾರು ಎಂಬ ಭೇದವಿರುವುದಿಲ್ಲ. ಮುಸ್ಲಿಂ ಮನೆಗಳ ಹೆಂಗಸರ ಕಡೆಯ ಮೆಹಂದಿಗೆ ಮಹಿಳಾ ಫೋಟೊಗ್ರಾಫರ್ ಬೇಕೆಂದು ಕೇಳುವುದು ಸಾಮಾನ್ಯ. ಈಗೀಗ ಸೀರೆ ಉಡಿಸುವ, ಅಲಂಕಾರ ಮಾಡುವ ಹೊತ್ತಿನ ಚಿತ್ರಗಳಿಗೂ ಹಲವು ಮದುಮಗಳು ಹೆಣ್ಣುಮಕ್ಕಳನ್ನೇ ಬಯಸುತ್ತಾರೆ. ಗಂಡಸರದ್ದೇ ಆಗಿದ್ದ ಈ ಕಸುಬಿಗೆ ಹೆಣ್ಣುಮಕ್ಕಳು ಬರಲು ಇದೂ ಒಂದು ದಾರಿಯಾಗಿದೆ.

ಹಿಂದಿನ ರಾತ್ರಿಯ ಆರತಕ್ಷತೆ ಮುಗಿದು ಸಾಮಾನು ಕಟ್ಟುವಾಗ ಹನ್ನೆರಡಾಗಿರುತ್ತದೆ. ಬೆಳಗಿನ ಶಾಸ್ತ್ರಕ್ಕೆ ಐದಕ್ಕೆಲ್ಲ ಸಿದ್ಧರಿರಬೇಕು. ಹೆಗಲಿಗೆ ಎರಡು ಕ್ಯಾಮೆರಾ, ಸೊಂಟಕ್ಕೆ ಬ್ಯಾಟರಿಗಳ ಚೀಲ. ಸೊಂಟ ನೋವು, ಕತ್ತು ನೋವು ಈ ವೃತ್ತಿಯವರಿಗೆ ಬಳುವಳಿ. ಊಟವಂತೂ ಕೊನೆಯ ಪಂಕ್ತಿಯಲ್ಲಿ. ಮದುಮಕ್ಕಳು ಪರಸ್ಪರ ತುತ್ತು ತಿನ್ನಿಸುವುದನ್ನೂ ಬೀಗರು ಊಟಕ್ಕೆ ಕೂತದ್ದನ್ನೂ ತೆಗೆದ ಮೇಲಲ್ಲವೇ ಅವರ ಸರದಿ. ಆ ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ.

ಸೆಲೆಕ್ಷನ್ ಎಂಬ ಸುಳಿ

ಮದುವೆಯ ಮಾರನೆಯ ದಿನ ಮನೆಯವರೆಲ್ಲ ಮಲಗಿ ನಿದ್ದೆ ಮಾಡುತ್ತಾರೆ. ಫೋಟೊಗ್ರಾಫರ್ ಕಾರ್ಡುಗಳನ್ನು ಖಾಲಿ ಮಾಡುತ್ತಾನೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಾಗುವ 4ಕೆ ವಿಡಿಯೊ ಗಂಟೆಗೆ 45 ಗಿಗಾಬೈಟ್ ತಿನ್ನುತ್ತದೆ. ಎರಡು ಕ್ಯಾಮೆರಾ ಎಂಟೆಂಟು ಗಂಟೆ ಓಡಿದರೆ 720 ಗಿಗಾಬೈಟ್. ಫೋಟೊಗಳು ಬೇರೆ. ಹಾರ್ಡ್‌ಡಿಸ್ಕ್ ಕೈಕೊಡಬಹುದೆಂದು ಇನ್ನೊಂದರಲ್ಲಿ ಪ್ರತಿ. ಹೀಗೆ ಒಂದೊಂದು ಮದುವೆಗೂ ಡಿಸ್ಕಿನ ಖರ್ಚು ಬೇರೆ. ಎಷ್ಟು ವರ್ಷ ಕಾಪಾಡಬೇಕೆಂಬ ಕಟ್ಟುಪಾಡಿಲ್ಲ. ಜನರಂತೂ ಅದು ಶಾಶ್ವತವಾಗಿ ಇರುತ್ತದೆಂದೇ ನಂಬಿರುತ್ತಾರೆ.

ಆಮೇಲೆ ಐದು ಸಾವಿರ ಚಿತ್ರಗಳಲ್ಲಿ ಕಣ್ಣು ಮುಚ್ಚಿದವು, ಬಾಯಿ ತೆರೆದವು ಆಚೆ ಹೋಗಬೇಕು. ಬಣ್ಣ ತಿದ್ದಬೇಕು. ಆಲ್ಬಂಗೆ ಬೇಕಾದ ಇನ್ನೂರೋ ಮುನ್ನೂರೋ ಚಿತ್ರಗಳನ್ನು ಮನೆಯವರು ಆರಿಸಿಕೊಡಬೇಕು. ‘ಆಲ್ಬಂ ಯಾಕೆ ಇನ್ನೂ ಬಂದಿಲ್ಲ?’ ಎಂಬ ಪ್ರಶ್ನೆಗೆ ಸ್ಟುಡಿಯೊದಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ‘ಸೆಲೆಕ್ಷನ್ ಬಂದಿಲ್ಲ.’

ಇದು ನೆಪವೂ ಆಗಿರಬಹುದು. ಸುಗ್ಗಿಯಲ್ಲಿ ಅತಿಯಾಗಿ ಆರ್ಡರ್ ಹಿಡಿದು ಎಡಿಟಿಂಗ್ ಮುಗಿಸಲಾಗದೆ ತಪ್ಪಿಸಿಕೊಳ್ಳುವವರು ಇದ್ದಾರೆ. ಆದರೆ ಹೆಚ್ಚಿನ ಸಲ ನಿಜವೇ. ಮದುಮಕ್ಕಳು ಬೇರೆ ಊರಿಗೆ, ಕೆಲವರು ಬೇರೆ ದೇಶಕ್ಕೆ ಹೋಗಿರುತ್ತಾರೆ. ಹೆಣ್ಣಿನ ಕಡೆಯವರು ಆರಿಸಿದ್ದರಲ್ಲಿ ಗಂಡಿನ ಕಡೆಯ ಅತ್ತಿಗೆ ಇಲ್ಲ. ಗಂಡಿನ ಕಡೆಯವರು ಆರಿಸಿದ್ದರಲ್ಲಿ ಹೆಣ್ಣಿನ ತಾಯಿಯ ಸೀರೆ ಸರಿಯಾಗಿ ಕಾಣುವುದಿಲ್ಲ. ಒಂದು ಹಾಳೆಗಾಗಿ ಎರಡು ಮನೆಯವರು ಮುನಿಸಿಕೊಂಡರೆ ನಡುವೆ ಸಿಕ್ಕಿಬೀಳುವವನು ಹಾಳೆ ಕಟ್ಟುವವನು. ಅಷ್ಟರಲ್ಲಿ ಮನೆಯಲ್ಲಿ ಸೀಮಂತದ ಮಾತು ಶುರುವಾಗಿರುತ್ತದೆ.

ಬಾಕಿ ಹಣ ಆಲ್ಬಂ ಕೊಡುವಾಗ ಎಂದು ಮಾತಾಗಿರುತ್ತದೆ. ಆಲ್ಬಂ ತಡವಾದಷ್ಟೂ ಹಣ ತಡ. ಹಣ ತಡವಾದಷ್ಟೂ ಆ ಮದುವೆಯ ಕೆಲಸ ಸಾಲಿನಲ್ಲಿ ಹಿಂದಕ್ಕೆ ಸರಿಯುತ್ತದೆ. ಈ ನಡುವೆ ದಿನಗೂಲಿಗೆ ಬಂದವರ, ಡ್ರೋನ್‌ನವರ, ಎಡಿಟರ್‌ನ, ಆಲ್ಬಂ ಮುದ್ರಿಸುವ ಲ್ಯಾಬಿನ ಹಣ ಸ್ಟುಡಿಯೊ ಮಾಲೀಕನ ಜೇಬಿನಿಂದ ಹೋಗಿರುತ್ತದೆ. ಅನೇಕ ಸ್ಟುಡಿಯೊಗಳ ಬೀರುವಿನಲ್ಲಿ ಯಾರೂ ಒಯ್ಯದ ಆಲ್ಬಂಗಳು ಧೂಳು ತಿನ್ನುತ್ತಿವೆ. ಕೆಲವಕ್ಕೆ ಕಾರಣ ಹಣದ ಅಡಚಣೆ. ಇನ್ನು ಕೆಲವು ಆಲ್ಬಂ ಸಿದ್ಧವಾಗುವ ಮೊದಲೇ ಮುರಿದುಬಿದ್ದ ಮದುವೆಗಳವು. ಇಂಥ ಆಲ್ಬಂಗೆ ಗಿರಾಕಿಯೂ ಇಲ್ಲ, ಮರುಮಾರಾಟವೂ ಇಲ್ಲ.

2020ರಲ್ಲಿ ಕೊರೊನಾ ಲಾಕ್‌ಡೌನ್ ಬಂದು ಮದುವೆಗೆ 50 ಜನರ ಮಿತಿ ಬಿದ್ದಾಗ ಈ ದುರ್ಬಲ ಲೆಕ್ಕ ಬಯಲಿಗೆ ಬಂತು. ಹೊಸ ಆರ್ಡರ್ ಇಲ್ಲ, ಹಳೆಯ ಬಾಕಿ ಬರುವುದಿಲ್ಲ, ಮುಂದೂಡಿದ ಮದುವೆಗಳ ಅಡ್ವಾನ್ಸ್ ವಾಪಸು ಕೇಳುವವರು ಬೇರೆ. ಯೂಟ್ಯೂಬ್‌ನಲ್ಲಿ ನೇರಪ್ರಸಾರ ಎಂಬ ಹೊಸ ಕೆಲಸ ರೂಢಿಗೆ ಬಂದದ್ದು ಆಗ. ವಿದೇಶದಲ್ಲಿರುವ ಅಣ್ಣ–ತಮ್ಮಂದಿರಿಗಾಗಿ ಅದು ಇಂದಿಗೂ ಉಳಿದುಕೊಂಡಿದೆ.

ಚಿತ್ರ ಯಾರ ಸ್ವತ್ತು?

ತೆಗೆದವನದೇ ಚಿತ್ರ ಎಂದು ಬಹಳ ಮಂದಿ ಫೋಟೊಗ್ರಾಫರ್‌ಗಳು ನಂಬಿದ್ದಾರೆ. ಮದುವೆ ಚಿತ್ರಗಳ ಮಟ್ಟಿಗೆ ಭಾರತದ ಕಾನೂನು ಬೇರೆಯೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಯಾರಾದರೂ ಫೋಟೊ ತೆಗೆಸಿದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಅದರ ಮೊದಲ ಹಕ್ಕುದಾರರು ತೆಗೆಸಿದವರು. ನಿಮ್ಮ ಮದುವೆಯ ಚಿತ್ರವನ್ನು ಸ್ಟುಡಿಯೊದವರು ಜಾಹೀರಾತಿಗೆ, ಇನ್‌ಸ್ಟಾಗ್ರಾಂ ಪುಟಕ್ಕೆ ಬಳಸಲು ನಿಮ್ಮ ಒಪ್ಪಿಗೆ ಬೇಕು. ಅದಕ್ಕೇ ಈಗ ತಿಳಿದವರು ಕರಾರಿನಲ್ಲೇ ಆ ಸಾಲು ಸೇರಿಸುತ್ತಾರೆ. ಹಳ್ಳಿ, ಪಟ್ಟಣಗಳಲ್ಲಿ ಕರಾರೇ ಇರುವುದಿಲ್ಲ. ಬಿಲ್ ಪುಸ್ತಕದ ಒಂದು ಹಾಳೆ, ಅದರ ಮೇಲೆ ಅಡ್ವಾನ್ಸ್ ಮೊತ್ತ, ಅಷ್ಟೇ.

ಹಾಡಿನ ತಕರಾರು ಇನ್ನೊಂದು. ಮದುವೆ ದಿಬ್ಬಣದಲ್ಲಿ ಸಿನಿಮಾ ಹಾಡು ನುಡಿಸಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಆದರೆ ಅದೇ ಹಾಡನ್ನು ವಿಡಿಯೊಗೆ ಜೋಡಿಸಿ ಯೂಟ್ಯೂಬ್‌ಗೆ ಏರಿಸಿದರೆ ಯಂತ್ರ ಗುರುತಿಸಿ ಸದ್ದಡಗಿಸಬಹುದು, ಇಲ್ಲವೇ ವಿಡಿಯೊವನ್ನೇ ತಡೆಯಬಹುದು. ಹೀಗಾಗಿ ಹಣ ಕೊಟ್ಟು ಪರವಾನಗಿ ಪಡೆದ ಸಂಗೀತ ಬಳಸುವವರು ಹೆಚ್ಚುತ್ತಿದ್ದಾರೆ. ಎಲ್ಲ ಮದುವೆಗಳಿಗೂ ಒಂದೇ ಪಿಟೀಲು ಕೇಳಿಸುವುದಕ್ಕೆ ಇದೂ ಕಾರಣ.

ಡ್ರೋನ್‌ನ ಕಥೆ ಕೇಳುವುದೇ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ಹಣಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು, ಡ್ರೋನ್ ನೋಂದಣಿಯಾಗಿರಬೇಕು, ವಿಮಾನ ನಿಲ್ದಾಣದಂಥ ಜಾಗಗಳ ಸುತ್ತ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಛತ್ರದ ಮೇಲೆ ಗುಂಯ್‌ಗುಡುವ ಡ್ರೋನುಗಳಲ್ಲಿ ಎಷ್ಟಕ್ಕೆ ಈ ಕಾಗದಪತ್ರ ಇದೆ ಎಂದು ಯಾವ ಬೀಗರೂ ಕೇಳಿದ್ದನ್ನು ನಾನು ಕಂಡಿಲ್ಲ.

ಮದುವೆಗೆ ಮೊದಲಿನ ಸಿನಿಮಾ

ಪ್ರಿ–ವೆಡ್ಡಿಂಗ್ ಶೂಟ್ ಬಂದ ಮೇಲೆ ಈ ವೃತ್ತಿಗೆ ಮುಹೂರ್ತ ಬೇಡದ ಒಂದು ಕೆಲಸ ಸಿಕ್ಕಿತು. ಆಷಾಢದ ಮಳೆಯೂ ಇಲ್ಲಿ ಬಂಡವಾಳವೇ. ಚಿಕ್ಕಮಗಳೂರು, ಸಕಲೇಶಪುರದ ಮಂಜು ಮದುವೆಯಿಲ್ಲದ ತಿಂಗಳುಗಳಲ್ಲೂ ಅನ್ನ ಹಾಕುತ್ತದೆ. ಆದರೆ ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂಬ ಹಟಕ್ಕೆ ಕಟ್ಟೆಯಿಲ್ಲ. 2020ರ ನವೆಂಬರ್‌ನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ತೆಪ್ಪ ಮಗುಚಿ, ಶೂಟ್‌ಗೆ ಬಂದಿದ್ದ, ಮದುವೆ ನಿಶ್ಚಯವಾಗಿದ್ದ ಹುಡುಗ–ಹುಡುಗಿ ಇಬ್ಬರೂ ಮುಳುಗಿ ಸತ್ತರು. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಶೂಟ್ ಮಾಡಿಸಿಕೊಂಡ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು.

ಇಂಥ ಸುದ್ದಿ ಬಂದಾಗ ಬೈಗುಳ ಫೋಟೊಗ್ರಾಫರ್‌ಗಳ ಮೇಲೆ ಬೀಳುತ್ತದೆ. ‘ಬೇಡ’ ಎನ್ನುವ ಹಕ್ಕು ಅವರಿಗೆ ನಿಜಕ್ಕೂ ಇದೆಯೇ? ಒಬ್ಬ ಬೇಡವೆಂದರೆ ಪಕ್ಕದ ಸ್ಟುಡಿಯೊದವ ಒಪ್ಪುತ್ತಾನೆ, ಆರ್ಡರ್ ಅವನ ಪಾಲಾಗುತ್ತದೆ. ತಾಲ್ಲೂಕು, ಜಿಲ್ಲೆಗಳಲ್ಲಿರುವ ಛಾಯಾಗ್ರಾಹಕರ ಸಂಘಗಳು ಒಟ್ಟಾಗಿ ‘ನೀರಿಗಿಳಿಯುವ ಶೂಟ್ ಮಾಡುವುದಿಲ್ಲ’ ಎಂದರೆ ಮಾತ್ರ ಅದಕ್ಕೆ ತೂಕ. ದರಪಟ್ಟಿಯ ವಿಷಯದಲ್ಲಿ ಒಗ್ಗಟ್ಟಿಗೆ ಯತ್ನಿಸುವ ಸಂಘಗಳು ಇದಕ್ಕೂ ಮನಸ್ಸು ಮಾಡಬಹುದು.

ಬಾಕಿಯ ಸಮಸ್ಯೆಗೆ ಹೊಸ ತಲೆಮಾರಿನವರು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಕೆಲವರು ಹಣವನ್ನು ಮೂರು ಕಂತು ಮಾಡಿ, ಎರಡನೆಯದನ್ನು ಮುಹೂರ್ತದ ಹಿಂದಿನ ದಿನವೇ ಪಡೆಯುತ್ತಾರೆ. ಸೆಲೆಕ್ಷನ್‌ಗೆ ಗಡುವು ಬರೆದು, ಅದು ಮೀರಿದರೆ ಚಿತ್ರಗಳನ್ನು ತಾವೇ ಆರಿಸಿ ಆಲ್ಬಂ ಮುಗಿಸುವುದಾಗಿ ಮೊದಲೇ ಹೇಳಿಬಿಡುತ್ತಾರೆ. ಸೆಲ್ಫಿ ಕಳಿಸಿದರೆ ಮುಖ ಗುರುತಿಸಿ ಅತಿಥಿಗಳಿಗೆ ಅವರವರ ಚಿತ್ರ ಹುಡುಕಿಕೊಡುವ ಆ್ಯಪ್‌ಗಳೂ ಬಂದಿವೆ. ಅದರಲ್ಲಿ ಮೊದಲು ಕಾಣುವ ಚಿತ್ರಗಳಿಗೆ ಸ್ಟುಡಿಯೊದ ಹೆಸರಿನ ಅಡ್ಡಗುರುತು ಹಾಕಿಡುತ್ತಾರೆ. ಕೊನೆಯ ಕಂತು ಬಂದ ದಿನ ಆ ಗುರುತು ತೆಗೆದ ಪ್ರತಿಗಳು ಮನೆಯವರಿಗೆ ಸಿಗುತ್ತವೆ. ಸ್ಟೇಟಸ್ಸಿಗೆ ಚಿತ್ರ ಹಾಕುವ ಆತುರದಲ್ಲಿರುವ ಮದುಮಕ್ಕಳು ಈಗ ತಾವೇ ಅಪ್ಪನ ಬೆನ್ನು ಹತ್ತಿ ಬಾಕಿ ಕೊಡಿಸುತ್ತಾರೆ.